ಹಕ್ಕಿಗಳಿಗೆ ಏನು ಹಾಕುತ್ತೀರಿ?

ಏನೂ ಹಾಕುವುದಿಲ್ಲ.

ಇಷ್ಟಕ್ಕೇ ಮುಗಿಸಬಹುದಿತ್ತು, ಆದರೆ ಕೇಳುವವರು ಮುಗಿಸುವುದಿಲ್ಲ. ಕಾಸರಗೋಡಿನ ಪೆರ್ಲದಿಂದ ಒಳಗಿರುವ ನಮ್ಮ ಮನೆಗೆ ಬಂದು, ಜಗಲಿಯಲ್ಲಿ ಕುಳಿತು ಬೆಲ್ಲ ನೀರು ಕುಡಿಯುವಷ್ಟರಲ್ಲಿ ಮಡಿವಾಳ ಹಕ್ಕಿಯೋ ಪಿಕಳಾರವೋ ಅಂಗಳಕ್ಕೆ ಇಳಿದರೆ ಸಾಕು, "ಅಕ್ಕಾ, ಇವಕ್ಕೆಲ್ಲ ಏನು ಹಾಕುತ್ತೀರಿ?" ಎಂದು ಶುರು. ಏನೂ ಇಲ್ಲ ಎಂದರೆ "ಅಕ್ಕಿಯಾದರೂ?" ಅದೂ ಇಲ್ಲ ಎಂದರೆ ಒಂದು ನಗು. ಉಪ್ಪಿನಕಾಯಿಯ ಗುಟ್ಟು ಬಿಟ್ಟುಕೊಡದ ಹೆಂಗಸನ್ನು ನೋಡಿ ನಗುತ್ತಾರಲ್ಲ, ಅಂಥದ್ದು.

ಅಡಿಕೆ ಬೆಳೆಯುವ ಊರಿನಲ್ಲಿ ಇಬ್ಬರು ಎದುರಾದರೆ ಕೇಳುವುದೇ ಇದನ್ನು. ಬುಡಕ್ಕೆ ಏನು ಹಾಕಿದಿರಿ, ಸುಣ್ಣ ಹಾಕಿದಿರಾ, ಕೊಳೆರೋಗಕ್ಕೆ ಎಷ್ಟು ಸಲ ಮದ್ದು ಬಿಟ್ಟಿರಿ. ಆ ಲೆಕ್ಕವನ್ನೇ ಹಕ್ಕಿಗೂ ಹಚ್ಚುತ್ತಾರೆ. ಹಾಕಿದರೆ ಬರಬೇಕು, ಬಂದರೆ ಹಾಕಿರಲೇಬೇಕು.

'ಹಾಕು' ಎಂಬ ಆ ಪದದ ಮೇಲೆ ನನಗೆ ಮುನಿಸಿರುವುದಕ್ಕೆ ಇನ್ನೊಂದು ಕಾರಣವೂ ಉಂಟು. ನಾನು ಮದುವೆಯಾಗಿ ಬಂದ ಕಾಲದಲ್ಲಿ ಆಚೆ ಗುಡ್ಡದ ಗೇರು ತೋಟಗಳಿಗೆ ಟೀ ಸೊಳ್ಳೆ ಎಂಬ ಕೀಟದ ಕಾಟ ಎಂದು ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಯುತ್ತಿದ್ದರು. ಸದ್ದು ಕೇಳಿದ ಕೂಡಲೇ ಅತ್ತೆ ಬಾವಿಗೆ ಅಡಿಕೆಯ ಸೋಗೆ ಮುಚ್ಚಿ, ಒಣಗಲು ಹಾಕಿದ ಬಟ್ಟೆಯನ್ನು ಬಾಚಿಕೊಂಡು ಒಳಗೆ ಬರುತ್ತಿದ್ದರು. 2000ದ ಕೊನೆಯವರೆಗೂ ಅದು ನಡೆಯಿತು. ಸುಪ್ರೀಂ ಕೋರ್ಟು ದೇಶಕ್ಕೆಲ್ಲ ನಿಷೇಧ ಹೇಳುವಾಗ 2011. ನಮ್ಮ ತಲೆಯ ಮೇಲೆ ಏನು ಹಾಕುತ್ತಿದ್ದೀರಿ ಎಂದು ಆಗ ಗಟ್ಟಿಯಾಗಿ ಕೇಳಿದವರು ಕೆಲವರೇ, ಅವರ ಮಾತು ನಡೆಯಲು ವರ್ಷಗಳೇ ಹಿಡಿದವು. ಇರಲಿ, ಇವತ್ತು ಅದನ್ನು ಬರೆಯಲು ಕುಳಿತದ್ದಲ್ಲ.

ಮನೆಯ ಹಿಂದೆ, ಗುಡ್ಡದೊಳಗೆ ಅಡ್ಡಕ್ಕೆ ಕೊರೆದ ಸುರಂಗದ ನೀರು ಬಂದು ಬೀಳುವ ಸಣ್ಣ ಹೊಂಡದ ಸುತ್ತ, ನಾನು ಗುಡಿಸುವುದಿಲ್ಲ. ಗುಟ್ಟು ಎಂದರೆ ಇದೇ. ಹಲಸು, ಬೈನೆ, ಒಂದು ದೊಡ್ಡ ಕಾಸರಕ, ಇವುಗಳ ತರಗೆಲೆ ಅಲ್ಲಿಯೇ ಬಿದ್ದು ಅಲ್ಲಿಯೇ ಕೊಳೆಯುತ್ತದೆ. ಬೆಳಿಗ್ಗೆ ಏಳೆಂಟು ಹರಟೆಮಲ್ಲಗಳು ಬಂದು ಒಂದೊಂದೇ ಎಲೆ ಮಗುಚಿ, ಹುಳ ಹೆಕ್ಕಿ, ಜಗಳವಾಡಿ ಹೋಗುತ್ತವೆ. ಪಕ್ಕದ ಮನೆಯವರ ಮಾತು ಮಲಯಾಳ. ಅವರು ಈ ಹಕ್ಕಿಯನ್ನು ಕರಿಯಿಲಕ್ಕಿಳಿ ಎನ್ನುತ್ತಾರೆ. ಕರಿಯಿಲ ಎಂದರೆ ತರಗೆಲೆ. ಬಾಯಿ ತುಂಬ ತರಗೆಲೆ ಹಕ್ಕಿ ಎಂದು ಕರೆದು, ಮರುಗಳಿಗೆಯಲ್ಲಿ "ಏನು ಹಾಕುತ್ತೀರಿ?" ಎಂದು ಕೇಳುವವರೂ ಅವರೇ, ದಿನಾ ಬೆಳಿಗ್ಗೆ ತಮ್ಮ ಹಿತ್ತಿಲಿನ ತರಗೆಲೆಗೆ ಬೆಂಕಿ ಕೊಡುವವರೂ ಅವರೇ.

ಹಾವು ಬರುವುದಿಲ್ಲವೇ? ಬರುತ್ತದೆ. ಬಚ್ಚಲಿಗೆ ಹೋಗುವ ದಾರಿಯನ್ನು ಗುಡಿಸುತ್ತೇನೆ, ರಾತ್ರಿ ಟಾರ್ಚ್ ಇಲ್ಲದೆ ಇಳಿಯುವುದಿಲ್ಲ. ಮಂಗಗಳು ಎಳನೀರು ಕಿತ್ತು ಹಾಕುವುದೂ ನಿಜ, ಅವುಗಳನ್ನು ನಾನು ಪ್ರೀತಿಸುತ್ತೇನೆಂದು ಎಲ್ಲಿಯೂ ಹೇಳಿಲ್ಲ. ಕಾಸರಕ ವಿಷ, ಕಡಿಸಿ ಎನ್ನುವವರಿಗೆ: ವಿಷ ಹೆಚ್ಚಾಗಿ ಇರುವುದು ಬೀಜದಲ್ಲಿ. ಮಂಗಟ್ಟೆ ಹಕ್ಕಿ ತಿರುಳು ನುಂಗಿ ಬೀಜ ಉಗುಳುತ್ತದೆ, ನೀವು ಅದನ್ನು ತಿನ್ನಲು ಹೋಗಬೇಡಿ. 2023ರಲ್ಲಿ ಕಾಸರಗೋಡು ಜಿಲ್ಲೆಗೆ ತನ್ನದೇ ಮರ ಎಂದು ಘೋಷಿಸಿದ್ದೂ ಅದನ್ನೇ.

ಇನ್ನು ಆ ಜನವರಿಯ ವಿಷಯ. ಮಾವನವರ ತಿಥಿ. ಬೆಂಗಳೂರಿನಲ್ಲಿರುವ ಭಾವನವರು ಎರಡು ದಿನ ಮೊದಲೇ ಬಂದರು. ಅಕ್ಟೋಬರಿನಿಂದ ಆ ತರಗೆಲೆಯಲ್ಲಿ ಒಂದು ನವರಂಗ ಇತ್ತು. ಮೈನಾಗಿಂತ ಸಣ್ಣದು, ಮೋಟು ಬಾಲ, ಹಸಿರು ಬೆನ್ನು, ಹೊಟ್ಟೆಯ ಕೆಳಗೆ ಕುಂಕುಮದ ಕೆಂಪು. ಮರಿ ಮಾಡಲು ಮಧ್ಯ ಭಾರತಕ್ಕೆ, ಹಿಮಾಲಯದ ತಪ್ಪಲಿಗೆ ಹೋಗಿ, ಚಳಿಗಾಲಕ್ಕೆ ರಾತ್ರಿ ಹಾರಿ ನಮ್ಮ ಕಡೆ ಬರುವ ಹಕ್ಕಿ. ನಸುಕಿಗೆ ಒಮ್ಮೆ, ಮುಸ್ಸಂಜೆಗೆ ಒಮ್ಮೆ ಎರಡೆಳೆಯ ಸಿಳ್ಳೆ ಹಾಕುತ್ತದೆ. ತಮಿಳರು ಆರುಮಣಿ ಕುರುವಿ ಎನ್ನುತ್ತಾರೆ, ಆರು ಗಂಟೆಯ ಹಕ್ಕಿ. ಅದು ಕೂಗಿದ ಮೇಲೆಯೇ ನಾನು ದೇವರಿಗೆ ದೀಪ ಹಚ್ಚುತ್ತಿದ್ದೆ.

ನಾನು ಅಡುಗೆಮನೆಯಲ್ಲಿ ಉದ್ದು ನೆನೆಹಾಕುತ್ತಿರುವಾಗ ಹೊಗೆ ಬಂತು. ಹೊರಗೆ ಓಡಿದರೆ, ಭಾವನವರು ಪಂಚೆ ಎತ್ತಿ ಕಟ್ಟಿ, ಹೊಂಡದ ಸುತ್ತ ಕನ್ನಡಿಯಂತೆ ಗುಡಿಸಿ, ರಾಶಿಗೆ ಬೆಂಕಿ ಕೊಟ್ಟು ನಿಂತಿದ್ದಾರೆ. "ಅಪ್ಪನ ಕಾಲದಲ್ಲಿ ಹಿತ್ತಿಲು ಹೀಗಿರಲಿಲ್ಲ, ನಾಳೆ ಜನ ಬರುತ್ತಾರಲ್ಲ" ಎಂದರು. ಭಾವನವರಿಗೆ ಎದುರು ಮಾತಾಡುವ ರೂಢಿ ನಮ್ಮಲ್ಲಿಲ್ಲ. ಅಂದು ನಾನು ಮಾತಾಡಿದ್ದು ಪಾತ್ರೆಗಳ ಜೊತೆ, ಸ್ವಲ್ಪ ಗಟ್ಟಿಯಾಗಿ.

ಮರುದಿನ ಕಾಗೆಗೆ ಎಡೆ ಇಟ್ಟರು. ಕಾಗೆ ಬರಲಿಲ್ಲ. ಹದಿನೈದು ಜನ ಹಸಿದ ಹೊಟ್ಟೆಯಲ್ಲಿ ಅಂಗಳದಲ್ಲಿ ನಿಂತು ಆಕಾಶ ನೋಡಿದರು. ಚಪ್ಪಾಳೆ ತಟ್ಟಿದರು. ತೆಂಗಿನ ಗರಿ ಅಲುಗಿದರೂ "ಅಗೋ" ಎಂದರು. ನನ್ನ ಹಕ್ಕಿ ಹುಚ್ಚಿಗೆ ನಗುವ ಮನೆಯಲ್ಲಿ ಅಂದು ಒಂದು ಗಂಟೆ ಎಲ್ಲರೂ ಪಕ್ಷಿವೀಕ್ಷಕರೇ. ಈ ಮನೆಯಲ್ಲಿ ಹಕ್ಕಿಗೆಂದು ಏನಾದರೂ ಹಾಕುವುದು ವರ್ಷಕ್ಕೆ ಆ ಒಂದು ದಿನ, ಆ ದಿನವೇ ಅದಕ್ಕೆ ಬೇಡವಾಗಿತ್ತು. ಕೊನೆಗೊಂದು ಕಾಗೆ ಬಂದು ವಡೆ ಮಾತ್ರ ಎತ್ತಿಕೊಂಡು ಹೋಯಿತು. ಮಾವನವರಿಗೂ ವಡೆ ಎಂದರೆ ಇಷ್ಟ ಎಂದು ಎಲ್ಲರೂ ಒಪ್ಪಿ ಊಟಕ್ಕೆ ಕುಳಿತರು.

ನವರಂಗ ಅಂದು ಸಂಜೆ ಕೂಗಲಿಲ್ಲ. ಆಮೇಲೂ ಇಲ್ಲ. ದೀಪ ಹಚ್ಚಲು ಗಡಿಯಾರ ನೋಡಬೇಕಾಯಿತು.

ಊರಿನಲ್ಲಿ ಎಲ್ಲರೂ ಎಲ್ಲವನ್ನೂ ವಿಚಾರಿಸುತ್ತಾರೆ. ಮಗ ಬಂದನೇ, ಮಳೆ ಬಂತೇ, ಅಡಿಕೆಗೆ ರೇಟು ಬಂತೇ. ನನ್ನನ್ನು ಏನಾದರೂ ಕೇಳಲೇಬೇಕೆಂದಿದ್ದರೆ ಅಕ್ಟೋಬರಿನಲ್ಲಿ ಬಂದು "ನವರಂಗ ಬಂತೇ?" ಎಂದು ಕೇಳಿ. ಇದುವರೆಗೆ ಕೇಳಿದ್ದು ಒಬ್ಬಳೇ, ಅಡಿಕೆ ಹೆಕ್ಕಲು ಬರುವವಳು. ಹೆಸರು ಅವಳಿಗೂ ಗೊತ್ತಿಲ್ಲ. "ಅಕ್ಕಾ, ಸಂಜೆ ಶಿಳ್ಳೆ ಹಾಕುತ್ತಿತ್ತಲ್ಲ, ಅದು ಈಗ ಇಲ್ಲವೇ?" ಎಂದಳು. ಅವಳನ್ನು ಕೂರಿಸಿ ಚಹಾ ಕೊಟ್ಟು ಎಲ್ಲವನ್ನೂ ಹೇಳಿದೆ, ಭಾವನವರ ವಿಷಯವನ್ನೂ.

ಮುಂದಿನ ಅಕ್ಟೋಬರಿಗೆ ತರಗೆಲೆ ಮತ್ತೆ ಪಾದ ಮುಳುಗುವಷ್ಟಾಯಿತು, ಹಕ್ಕಿಯೂ ಬಂತು. ಅದೇ ಹಕ್ಕಿಯೋ ಬೇರೆಯೋ, ಹೇಳುವಂತಿಲ್ಲ. ಈ ಸಲದ ತಿಥಿಗೆ ಭಾವನವರಿಗೆ ಫೋನ್ ಮಾಡಿ ಹೇಳಿದ್ದೇನೆ: ಹಗಲು ಬಿಸಿಲು ಜಾಸ್ತಿ, ಹಿಂದಿನ ದಿನ ಕತ್ತಲಾದ ಮೇಲೆ ತಲುಪುವ ಬಸ್ಸಿಗೇ ಬನ್ನಿ.