ಆಲಿಕಲ್ಲು ಬಿದ್ದ ದಾರಿಯಲ್ಲಿ

ಬೇಸಿಗೆಯಲ್ಲಿ ನಂದಿ ಬೆಟ್ಟದ ತಂಪಿಗಾಗಿ ಕಾರುಗಳು ಹೊಗೆಯುಗುಳುತ್ತ ಸಾಲುಗಟ್ಟುತ್ತವೆ. 1,478 ಮೀಟರ್ ಎತ್ತರದ ಆ ಗದ್ದಲಕ್ಕಿಂತ ಬುಡದಲ್ಲಿರುವ ನಂದಿ ಗ್ರಾಮವೇ ನನಗಿಷ್ಟ. ಏಪ್ರಿಲ್ ಕೊನೆಯ ಒಂದು ಮಧ್ಯಾಹ್ನ ಚಿಕ್ಕಬಳ್ಳಾಪುರದಿಂದ ಬಸ್ಸು ಹಿಡಿದು ಬಂದು ಭೋಗನಂದೀಶ್ವರನ ಗುಡಿ ಹೊಕ್ಕೆ. ಅಂಗಳದ ಕಲ್ಲುಹಾಸು ಅಂಗಾಲು ಸುಡುತ್ತಿತ್ತು. ಒಂಬತ್ತನೆಯ ಶತಮಾನದಷ್ಟು ಹಳೆಯ ಗುಡಿಯಿದು. ಆಮೇಲೆ ಚೋಳರು, ಹೊಯ್ಸಳರು, ವಿಜಯನಗರದವರು ಸೇರಿಸುತ್ತಾ ಹೋಗಿದ್ದಾರೆ. ಕಲ್ಯಾಣ ಮಂಟಪದ ಕಂಬಗಳ ಕೆತ್ತನೆಯನ್ನು ನೋಡುತ್ತಾ ನಿಂತಿದ್ದಾಗ ಬೆಳಕು ಒಮ್ಮೆಲೇ ಹಳದಿಯಾಯಿತು.

ಮೊದಲು ಗಾಳಿ, ಅದರ ಹಿಂದೆಯೇ ಟಪ್ ಎಂದು ಒಂದು ಸದ್ದು. ಆಮೇಲೆ ಲೆಕ್ಕವಿಲ್ಲ. ಗೋಲಿ ಗಾತ್ರದ ಆಲಿಕಲ್ಲುಗಳು ಕಲ್ಲುಹಾಸಿಗೆ ಬಡಿದು ಮೊಣಕಾಲೆತ್ತರ ಪುಟಿಯುತ್ತಿದ್ದವು. ಶೃಂಗಿ ತೀರ್ಥದ ಮೆಟ್ಟಿಲಲ್ಲಿ ಫೋಟೊ ತೆಗೆಸಿಕೊಳ್ಳುತ್ತಿದ್ದ ಮದುವೆ ಜೋಡಿಯೊಂದು ತಲೆಯ ಮೇಲೆ ರೇಷ್ಮೆ ಸೆರಗು ಎಳೆದುಕೊಂಡು ಮಂಟಪಕ್ಕೆ ಓಡಿಬಂದಿತು. ಹುಡುಗರು ಕಲ್ಲು ಆಯ್ದು ಬಾಯಿಗೆ ಹಾಕಿಕೊಂಡರು. ನಾನೂ ಒಂದನ್ನು ತಿಂದೆ. ರುಚಿ ಏನೂ ಇಲ್ಲ, ಸ್ವಲ್ಪ ಧೂಳು. ಅಂಗೈಯಲ್ಲಿಟ್ಟು ನೋಡಿದರೆ ಒಳಗೆ ಬಿಳಿ, ಪಾರದರ್ಶಕ, ಮತ್ತೆ ಬಿಳಿ ಪದರ. ಕಾದ ನೆಲದಿಂದ ಎದ್ದ ಗಾಳಿ ತೇವವನ್ನು ಹಲವು ಕಿಲೋಮೀಟರ್ ಮೇಲಕ್ಕೊಯ್ದು ಹೆಪ್ಪುಗಟ್ಟಿಸುತ್ತದೆ. ಕಾಳು ಭಾರವಾಗಿ ಬೀಳುವವರೆಗೂ ಅದನ್ನು ಮೋಡದೊಳಗೇ ಹಿಡಿದಾಡಿಸುತ್ತದೆ. ಅಲ್ಲಿ ಸಿಕ್ಕಸಿಕ್ಕ ನೀರು ಅದರ ಮೇಲೆ ಪದರವಾಗಿ ಕಟ್ಟುತ್ತದೆ. ನನ್ನ ಅಂಗಾಲು ಸುಟ್ಟ ಬಿಸಿಲಿಗೂ ಈ ಹಿಮಗಡ್ಡೆಗೂ ಇಷ್ಟು ಹತ್ತಿರದ ನೆಂಟಸ್ತಿಕೆ.

ಕಾಲು ಗಂಟೆಯೊಳಗೆ ಎಲ್ಲ ಮುಗಿಯಿತು. ಅಂಗಳದ ಮೂಲೆಗಳಲ್ಲಿ ಬೆಳ್ಳಗೆ ರಾಶಿ ಬಿದ್ದಿತ್ತು. ಹೂವಿನಂಗಡಿಯ ಅಜ್ಜಿ ಮಾತ್ರ ಅದರ ಕಡೆ ನೋಡಲಿಲ್ಲ. “ದ್ರಾಕ್ಷಿ ಹೋಯಿತು ಕಣಪ್ಪಾ,” ಎಂದು ತನ್ನ ಪಾಡಿಗೆ ತೆಲುಗಿನಲ್ಲಿ ಇನ್ನೇನೋ ಗೊಣಗಿಕೊಂಡರು.

ಆ ರಾತ್ರಿ ಶಿಡ್ಲಘಟ್ಟ ರಸ್ತೆಯ ಹಳ್ಳಿಯೊಂದರಲ್ಲಿ ಚಿಕ್ಕಪ್ಪನ ಮನೆ ಸೇರಿದೆ. ಕರೆಂಟ್ ಇರಲಿಲ್ಲ; ಮುದ್ದೆ, ಹುರುಳಿಕಾಳಿನ ಸಾರು ಮೇಣದಬತ್ತಿಯ ಬೆಳಕಿನಲ್ಲಿ ನಡೆಯಿತು. ಚಿಕ್ಕಪ್ಪನ ತಲೆಯೆಲ್ಲ ಹುಳುವಿನ ಮನೆಯಲ್ಲಿತ್ತು. ನಾಲ್ಕನೇ ಜ್ವರ, ಅಂದರೆ ಪೊರೆ ಕಳಚುವ ನಿದ್ದೆ, ಮುಗಿಸಿ ಎದ್ದ ರೇಷ್ಮೆ ಹುಳು ರಾಕ್ಷಸನ ಹಾಗೆ ತಿನ್ನುತ್ತದೆ. ಹುಳುವಿನ ಆಯುಷ್ಯದ ಮೇವಿನಲ್ಲಿ ಬಹುಪಾಲು ಖರ್ಚಾಗುವುದು ಆ ಕೊನೆಯ ವಾರದಲ್ಲೇ. ಆ ಹೊತ್ತಿಗೆ ಸೊಪ್ಪು ತಪ್ಪಿದರೆ ಗೂಡು ತೆಳುವಾಗುತ್ತದೆ, ಮಾರುಕಟ್ಟೆಯಲ್ಲಿ ಬೆಲೆ ಇಳಿಯುತ್ತದೆ.

ಬೆಳಿಗ್ಗೆ ಚಿಕ್ಕಪ್ಪನ ಬೈಕಿನ ಹಿಂದೆ ಕೂತು ಹೊರಟಾಗ ಮೋಡ ನಡೆದ ಜಾಡು ಕಣ್ಣಿಗೆ ಕಾಣುತ್ತಿತ್ತು. ರಸ್ತೆಯ ಎಡಕ್ಕೆ ಬೆಂಗಳೂರು ಬ್ಲೂ ದ್ರಾಕ್ಷಿಯ ಚಪ್ಪರದಡಿ ನೇರಳೆ ಕೆಸರು, ಒಡೆದ ಹಣ್ಣಿಗೆ ಮುತ್ತಿದ ನೊಣ. ಹರಿದ ಎಲೆಯ ನಡುವೆ ಆಕಾಶವೇ ಹೆಚ್ಚಿತ್ತು. ಬಲಕ್ಕೆ ಅದೇ ತಳಿಯ ತೋಟದಲ್ಲಿ ಗೊಂಚಲೂ ಕದಲಿಲ್ಲ. ನಡುವೆ ಇರುವುದು ಒಂದು ಡಾಂಬರು ರಸ್ತೆ ಅಷ್ಟೇ! ಬರಗಾಲ ಬಂದರೆ ಊರಿಗೆಲ್ಲ ಬರುತ್ತದೆ, ಊರೆಲ್ಲ ಕೂಡಿ ಕೂಗುತ್ತದೆ. ಆಲಿಕಲ್ಲು ಒಬ್ಬನನ್ನು ಆರಿಸಿ ಹೊಡೆಯುತ್ತದೆ. ಎಡಗಡೆಯ ತೋಟದವರು ಮೊಬೈಲಿನಲ್ಲಿ ಫೋಟೊ ತೆಗೆಯುತ್ತಿದ್ದರು. ವಿಮೆ ಇದ್ದರೆ 72 ಗಂಟೆಯೊಳಗೆ ತಿಳಿಸಬೇಕಂತೆ. ಅವರ ಚಿಂತೆ ಈ ಹಣ್ಣಿನದು ಮಾತ್ರವಾಗಿರಲಿಲ್ಲ. ಕಡ್ಡಿಗೆ ಬಿದ್ದ ಗಾಯಕ್ಕೆ ರೋಗ ತಗುಲಿದರೆ ಮುಂದಿನ ಫಸಲಿಗೂ ಪೆಟ್ಟು. ಅದಕ್ಕೆ ಮಧ್ಯಾಹ್ನದೊಳಗೆ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆಯಬೇಕೆಂದು ಡ್ರಮ್ಮು ತೊಳೆಸುತ್ತಿದ್ದರು.

ಚಿಕ್ಕಪ್ಪನ ಹಿಪ್ಪುನೇರಳೆ ತೋಟವೂ ಜಾಡಿನೊಳಗೇ ಸಿಕ್ಕಿತ್ತು. ಜಾಲರಿಯಂತಾದ ಸೊಪ್ಪು, ಅದರ ಮೇಲೆ ಕೆಸರು. ಅವರು ಬೈಯಲೂ ಇಲ್ಲ, ಕೂರಲೂ ಇಲ್ಲ. ಬೈಕ್ ತಿರುಗಿಸಿ ಮೋಡ ಮುಟ್ಟದ ಪಕ್ಕದ ಊರಿಗೆ ಹೋದರು. ಅಲ್ಲಿನ ತೋಟದ ಯಜಮಾನರು ನಮಗಿಂತ ಮೊದಲೇ ಬಂದಿದ್ದ ಇಬ್ಬರ ಜೊತೆ ಮಾತಾಡುತ್ತಿದ್ದರು. ಸೊಪ್ಪಿನ ಬೆಲೆ ರಾತ್ರೋರಾತ್ರಿ ಏರಿತ್ತು.

“ಅಣ್ಣಾ, ಹೋದ ವರ್ಷ ನಿಮಗೆ ಹುಳು ಮೇಯಿಸಲು ಸೊಪ್ಪು ಕೊಟ್ಟವನು ನಾನು,” ಎಂದರು ಚಿಕ್ಕಪ್ಪ.

ಯಜಮಾನರು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು. “ಕೊಟ್ಟಿದ್ದೀಯ, ಇಲ್ಲ ಅನ್ನುತ್ತೇನೆಯೇ? ಆ ಪಶ್ಚಿಮದ ಪಟ್ಟಿ ನಿನಗೆ. ಹಳೇ ಬೆಲೆಗೇ ತೆಗೆದುಕೋ. ಆದರೆ ಕೊಯ್ಯುವ ಆಳು ನಿನ್ನದು.”

ಆಳು ಸಿಗಲಿಲ್ಲ. ಮಧ್ಯಾಹ್ನದವರೆಗೂ ಚಿಕ್ಕಪ್ಪ ಕೊಯ್ದರು, ನಾನು ಹೊರೆ ಕಟ್ಟಿದೆ. ಸಂಜೆ ನೋಡಬೇಕೆಂದುಕೊಂಡಿದ್ದ ಕೈವಾರಕ್ಕೆ ಹೋಗಲಾಗಲಿಲ್ಲ.