ಮನೆ ಮಂದಿ ಎಷ್ಟು?

ನಾನು ಬಿಎಗೆ ಸೇರಿದಾಗ ಊರು ಇನ್ನೂ ಗುಲ್ಬರ್ಗಾ. 2014ರಲ್ಲಿ ಅದು ಕಲಬುರಗಿ ಆಯಿತು, ವಿಶ್ವವಿದ್ಯಾಲಯ ಮಾತ್ರ ಈಗಲೂ ಗುಲ್ಬರ್ಗಾನೇ. ಎಚ್‌ಇಎಸ್ ತೊಗೊಂಡಿದ್ದೆ, ಅಂದ್ರೆ ಇತಿಹಾಸ, ಅರ್ಥಶಾಸ್ತ್ರ, ಸಮಾಜಶಾಸ್ತ್ರ. ಸೋಶಿಯಾಲಜಿ ಅಂದ್ರೆ ಕತೆ ಹೊಡೆದು ಪಾಸಾಗೋ ಸಬ್ಜೆಕ್ಟ್ ಅಂತ ಸೀನಿಯರ್‌ಗಳು ಹೇಳಿದ್ದರು. ಮೊದಲ ವರ್ಷ ಹಾಗೇ ಹೋಯಿತು. ಆಗಸ್ಟ್ ಕಾಮ್ಟ್, ಡರ್ಕೈಮ್, ವೆಬರ್, ಸಮಾಜಶಾಸ್ತ್ರದ ಈ ಹಿರಿಯರೆಲ್ಲರೂ ಜೆರಾಕ್ಸ್ ನೋಟ್ಸಿನಲ್ಲೇ ಪರಿಚಯ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರು 1948ರಲ್ಲಿ ಅಧ್ಯಯನಕ್ಕೆ ಹೋದ ರಾಂಪುರ ಓದಲು ಚೆನ್ನಾಗಿತ್ತು, ಆದ್ರೆ ಅದು ಮೈಸೂರು ಸೀಮೆಯ ಭತ್ತದ ಊರು. ನಮ್ಮ ತೊಗರಿ ಹೊಲ, ಲಂಬಾಣಿ ತಾಂಡಾ, ದುಡಿಯಲು ಊರು ಬಿಟ್ಟು ಹೋಗುವ ಗುಳೆ ಯಾವುದೂ ಪುಸ್ತಕದಲ್ಲಿ ಸಿಗುತ್ತಿರಲಿಲ್ಲ.

ಸಿಕ್ಕಿದ್ದು ಪ್ರಾಜೆಕ್ಟಿಗೆ ಹೋದಾಗ. 2011ರ ಫೆಬ್ರುವರಿ, ತೊಗರಿ ರಾಶಿ ಮುಗಿದಿತ್ತು. ನಮ್ಮ ಸರ್ ಚಿತ್ತಾಪುರ ತಾಲೂಕಿನ ಒಂದು ತಾಂಡಾಕ್ಕೆ ಕರೆದುಕೊಂಡು ಹೋಗಿ ಕೈಗೆ ಪ್ರಶ್ನೆಗಳ ಹಾಳೆ ಕೊಟ್ಟರು. ಅರ್ಧ ಮನೆಗಳಿಗೆ ಬೀಗ. ಕೆಲವು ಬಾಗಿಲಿಗೆ ಬೀಗವೂ ಇಲ್ಲ, ದನ ನುಗ್ಗದಂತೆ ಜಾಲಿ ಕಂಟಿ ಅಡ್ಡ ಇಟ್ಟಿದ್ದರು ಅಷ್ಟೇ. ತೆರೆದಿದ್ದ ಒಂದು ಮನೆಯ ಕಟ್ಟೆ ಮೇಲೆ ಅಜ್ಜಿ ಒಬ್ಬಳು ಮೊಮ್ಮಕ್ಕಳಿಬ್ಬರನ್ನು ಕೂರಿಸಿಕೊಂಡಿದ್ದಳು. ಮನೆಯಲ್ಲಿ ಎಷ್ಟು ಮಂದಿ ಅಂತ ಕೇಳಿದೆ.

"ಒಂಬತ್ತು."

"ಇಲ್ಲಿ ಮೂರೇ ಮಂದಿ ಇದ್ದೀರಲ್ಲ ಯವ್ವಾ?"

"ಉಳಿದವ್ರು ಪುಣಾಕ್ಕ ಹೋಗ್ಯಾರ. ದುಡಿಲಾಕ ಹೋದ್ರ ಮನಿ ಮಂದಿ ಅಲ್ಲೇನು ತಮ್ಮಾ?"

ಮಕ್ಕಳು, ಸೊಸೆಯಂದಿರು ಕಟ್ಟಡ ಕೆಲಸಕ್ಕೆ ಹೋಗಿದ್ದರು. ಹೋಗುವಾಗ ಜೋಳದ ಚೀಲ, ತೊಗರಿಬೇಳೆ ಇಲ್ಲಿಂದಲೇ ಒಯ್ದಿದ್ದರು. ದುಡ್ಡು ಇಲ್ಲಿಗೇ ಬರಬೇಕು, ಸಾಲ ಇಲ್ಲೇ ತೀರಬೇಕು, ಮಗಳ ಮದುವೆ ಮಾತೂ ಇಲ್ಲೇ. ಹೋಳಿ ಹಬ್ಬಕ್ಕೆ ಎಲ್ಲರೂ ವಾಪಸ್. ನನ್ನ ಹಾಳೆಯಲ್ಲಿ "ಕುಟುಂಬದ ಸದಸ್ಯರು" ಅಂತ ಒಂದೇ ಖಾನೆ ಇತ್ತು, ಒಂಬತ್ತು ಅಂತಲೇ ಬರೆದೆ.

ಮರುದಿನ ಕ್ಲಾಸಿನಲ್ಲಿ ಇದೇ ಜಗಳ. ಮೂರು ಅಂತ ಕೆಲವರು, ಒಂಬತ್ತು ಅಂತ ಕೆಲವರು. ಸರ್ ಸ್ವಲ್ಪ ಹೊತ್ತು ಕಾದಾಡಲು ಬಿಟ್ಟು, ಆಮೇಲೆ ಬೋರ್ಡಿನ ಒಂದು ಕಡೆ ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆ ಅಂತ ಬರೆದರು. ಒಂದೇ ಸೂರು, ಒಂದೇ ಒಲೆ, ಆಸ್ತಿ ಒಟ್ಟು, ಪೂಜೆ ಒಟ್ಟು ಇದ್ದರೆ ಅವಿಭಕ್ತ ಕುಟುಂಬ ಅನ್ನೋದು ಅವರ ಲೆಕ್ಕ. ಇನ್ನೊಂದು ಕಡೆ ಸಮಾಜಶಾಸ್ತ್ರಜ್ಞ ಐ.ಪಿ. ದೇಸಾಯಿ. ಅವರು ಗುಜರಾತಿನ ಮಹುವಾದಲ್ಲಿ ಅಧ್ಯಯನ ಮಾಡಿದವರು. ಸೂರು, ಒಲೆ ಬೇರೆಯಾದ್ರೂ ಆಸ್ತಿ, ಆದಾಯ, ಪರಸ್ಪರ ಹೊಣೆ ಕೂಡಿಯೇ ಇದ್ದರೆ ಕುಟುಂಬ ಒಡೆದಿದೆ ಅನ್ನೋಕೆ ಆಗಲ್ಲ ಅಂತ ತೋರಿಸಿದರು. ನಮ್ಮ ಅಜ್ಜಿ ಪೂರಾ ದೇಸಾಯಿ ಪಕ್ಷ! ಅದೇ ತಿಂಗಳು ದೇಶದಲ್ಲಿ ಜನಗಣತಿಯೂ ನಡೆದಿತ್ತು. ಒಂದೇ ಅಡುಗೆಮನೆಯಲ್ಲಿ ಉಣ್ಣುವವರು ಒಂದು ಕುಟುಂಬ ಅಂತ ಅದರ ನಿಯಮ, ಆದ್ರೆ "ಕೆಲಸದ ಅನಿವಾರ್ಯತೆ ತಡೆಯದಿದ್ದರೆ" ಅಂತ ಒಂದು ಬಾಲ ಇದೆ. ಆ ಬಾಲ ಎಷ್ಟು ಉದ್ದ ಅಂತ ಸರ್ ಕೇಳಿದರು. ಒಂದು ದಿನದ ಕೆಲಸವೋ, ಆರು ತಿಂಗಳ ಗುಳೆಯೋ? ಪೀರಿಯಡ್ ಮುಗಿದರೂ ಯಾರೂ ಎದ್ದಿರಲಿಲ್ಲ. ನಾನು ಬಾಯಿಪಾಠ ಮಾಡದೆ ಕಲಿತ ವ್ಯಾಖ್ಯೆಗಳು ಅವು ಮಾತ್ರ.

ಈಗ ಯಾದಗಿರಿ ಜಿಲ್ಲೆಯಲ್ಲಿ ಶಾಲಾ ಮಾಸ್ತರ್ ಆಗಿದ್ದೇನೆ. 2025ರಲ್ಲಿ ರಾಜ್ಯದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ನಾವೂ ಮನೆ ಮನೆ ಅಲೆದೆವು, ಈ ಸಲ ಹಾಳೆ ಇಲ್ಲ, ಮೊಬೈಲ್ ಆ್ಯಪ್, 60 ಪ್ರಶ್ನೆ. ಮಂದಿ ಎಷ್ಟು ಅಂದ ಕೂಡಲೇ "ಇಲ್ಲಿದ್ದವ್ರೋ, ಎಲ್ಲಾರೋ?" ಅಂತ ಜನ ತಿರುಗಿ ಕೇಳ್ತಿದ್ದರು. ಆ ಪ್ರಶ್ನೆ ನನಗೆ ಹಳೇದು, ಅಲ್ವಾ.

ನಮ್ಮ ಸಮಾಜಶಾಸ್ತ್ರ ವಿಭಾಗದಲ್ಲಿ ಪ್ರಾಜೆಕ್ಟ್ ಇನ್ನೂ ಇದ್ದರೆ ಈಗಿನ ಹುಡುಗರು ಒಂದು ಕೆಲಸ ಮಾಡಿ. ಫೆಬ್ರುವರಿಯಲ್ಲಿ ಒಮ್ಮೆ, ಹೋಳಿ ಹಬ್ಬದ ದಿನ ಇನ್ನೊಮ್ಮೆ ಒಂದೇ ತಾಂಡಾಕ್ಕೆ ಹೋಗಿ ಬನ್ನಿ, ಎರಡು ಪಟ್ಟಿ ಪಕ್ಕಪಕ್ಕ ಇಟ್ಟು ನೋಡಿ. ಹೋಳಿ ದಿನ ಹಳೇ ಅಂಗಿ ಹಾಕ್ಕೊಳ್ಳಿ, ಬಣ್ಣ ಹಾಕದೆ ಯಾರೂ ನಿಮ್ಮ ಪ್ರಶ್ನೆಗೆ ಉತ್ತರ ಕೊಡಲ್ಲ.