ಪಿಟ್ಸ್‌ಬರ್ಗ್‌ಗೆ ಹೋದರೆ ಆ ಹಳೇ ಗೋಡೆಯನ್ನೂ ನೋಡಿ ಬನ್ನಿ

ಅಮೆರಿಕದಲ್ಲಿರುವ ನಮ್ಮವರಲ್ಲಿ ಪಿಟ್ಸ್‌ಬರ್ಗ್‌ಗೆ ಹೋಗುವವರು ಹೆಚ್ಚಾಗಿ ಹೋಗುವುದು ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನಕ್ಕೆ. ದರ್ಶನ, ಪುಳಿಯೋಗರೆ, ವಾಪಸ್. ಇನ್ನರ್ಧ ದಿನ ಇಟ್ಟುಕೊಂಡು ಅದೇ ಊರಿನ ಓಕ್‌ಲ್ಯಾಂಡ್ ಬಡಾವಣೆ ಕಡೆಗೂ ಹೋಗಿ. ಬೇಸ್‌ಬಾಲ್ ಅಷ್ಟಾಗಿ ಗೊತ್ತಿಲ್ಲದಿದ್ದರೂ ಪರವಾಗಿಲ್ಲ.

ಅಲ್ಲಿ ಫೋರ್ಬ್ಸ್ ಫೀಲ್ಡ್ ಅಂತ ಬೇಸ್‌ಬಾಲ್ ಸ್ಟೇಡಿಯಂ ಇತ್ತು. 1909ರಲ್ಲಿ ಶುರುವಾಗಿ 1970ರವರೆಗೆ ಊರಿನ ಪೈರೇಟ್ಸ್ ತಂಡ ಆಡಿದ್ದು ಅಲ್ಲೇ. ಬೇಸ್‌ಬಾಲ್‌ನ ದೊಡ್ಡ ಹೆಸರು ಬೇಬ್ ರೂತ್ ತನ್ನ ಕೊನೆಯ ಮೂರು ಹೋಮ್ ರನ್ (ನಮ್ಮ ಸಿಕ್ಸರ್ ಥರ) ಹೊಡೆದದ್ದೂ ಅಲ್ಲೇ, ಒಂದೇ ದಿನ, 1935ರಲ್ಲಿ. ಆದರೆ ಜನ ಇವತ್ತಿಗೂ ಅಲ್ಲಿಗೆ ಬರುವುದು 1960ರ ಅಕ್ಟೋಬರ್ 13ಕ್ಕಾಗಿ. ವರ್ಲ್ಡ್ ಸೀರೀಸ್ ಅಂದರೆ ಬೇಸ್‌ಬಾಲ್ ಫೈನಲ್, ನಾಲ್ಕು ಪಂದ್ಯ ಗೆದ್ದವರಿಗೆ ಕಪ್; ಅವತ್ತು ಅದರ ಏಳನೇ, ಕೊನೇ ಪಂದ್ಯ, ಎದುರಿಗೆ ನ್ಯೂಯಾರ್ಕ್ ಯಾಂಕೀಸ್. ತಮಾಷೆ ನೋಡಿ, ಏಳೂ ಪಂದ್ಯ ಸೇರಿಸಿದರೆ ಯಾಂಕೀಸ್ 55 ರನ್, ಪೈರೇಟ್ಸ್ ಬರೀ 27. ಆದರೂ ಆರು ಪಂದ್ಯ ಮುಗಿದಾಗ ಗೆಲುವಿನ ಲೆಕ್ಕ 3-3ಕ್ಕೆ ನಿಂತಿತ್ತು. ಏಳನೇ ಪಂದ್ಯದಲ್ಲಿ ಒಂಬತ್ತನೇ, ಕೊನೇ ಇನಿಂಗ್ಸ್, ಸ್ಕೋರು 9-9. ಪೈರೇಟ್ಸ್‌ನ ಬಿಲ್ ಮಜರಾಸ್ಕಿ ಬ್ಯಾಟಿಂಗ್‌ಗಿಂತ ಫೀಲ್ಡಿಂಗ್‌ಗೇ ಹೆಸರಾದವನು. ಯಾಂಕೀಸ್ ಬೌಲರ್ (ಪಿಚರ್) ರಾಲ್ಫ್ ಟೆರಿಯ ಎರಡನೇ ಎಸೆತವನ್ನು ಎತ್ತಿ ಹೊಡೆದ, ಲೆಫ್ಟ್ ಫೀಲ್ಡ್‌ನಲ್ಲಿದ್ದ ಯಾಂಕೀಸ್‌ನ ಯೋಗಿ ಬೆರಾ ನೋಡುತ್ತಲೇ ಉಳಿದ, ಚೆಂಡು ಮೈದಾನದ ಗೋಡೆ ದಾಟಿತು, ಪೈರೇಟ್ಸ್ ಗೆದ್ದೇಬಿಟ್ಟಿತು. ಶಾರ್ಜಾದಲ್ಲಿ ಮಿಯಾಂದಾದ್ ಕೊನೇ ಬಾಲ್‌ಗೆ ಹೊಡೆದ ಸಿಕ್ಸ್ ನೆನಪಿದೆಯಲ್ವಾ, ಅದೇ ಥರ.

ಈಗ ಉಳಿದಿರುವುದು ಇಟ್ಟಿಗೆ ಗೋಡೆಯ ಒಂದು ತುಂಡು. ಬಳ್ಳಿ ಹಬ್ಬಿದೆ, 457 ಅಡಿ ಅಂತ ಬರೆದಿರುವುದು (ಬ್ಯಾಟರ್ ನಿಲ್ಲುವ ಜಾಗದಿಂದ ಗೋಡೆಗಿದ್ದ ದೂರ) ಕಾಣುತ್ತದೆ. ಆದರೆ ಮಜರಾಸ್ಕಿಯ ಚೆಂಡು ದಾಟಿದ ಭಾಗ ಇದಲ್ಲ, ಅದನ್ನು ಕೆಡವಿದ್ದಾರೆ. ಕಾಲ ಕೆಳಗೆ ನೋಡಿ: ಫುಟ್‌ಪಾತ್‌ನಲ್ಲಿ ಇಟ್ಟಿಗೆ ಸಾಲೊಂದು ಹಳೇ ಗೋಡೆ ಇದ್ದ ಜಾಗ ತೋರಿಸುತ್ತದೆ, ಅಲ್ಲೇ ಒಂದು ಫಲಕ ಇದೆ. ಹೆಚ್ಚಿನವರು ಗೋಡೆ ಮುಂದೆ ಸೆಲ್ಫಿ ತೆಗೆದು ಇದನ್ನು ತುಳಿದುಕೊಂಡೇ ಹೋಗುತ್ತಾರೆ! ಆಮೇಲೆ ಪಕ್ಕದ ಪಾಸ್ವಾರ್ ಹಾಲ್ ಒಳಗೆ ಹೋಗಿ, ಹೋಮ್ ಪ್ಲೇಟನ್ನು (ಬ್ಯಾಟರ್ ಪಕ್ಕದಲ್ಲಿ ನಿಂತು ಆಡುವ ಬಿಳೀ ಹಲಗೆ) ನೆಲದಲ್ಲೇ ಗಾಜಿನ ಕೆಳಗೆ ಇಟ್ಟಿದ್ದಾರೆ. ಅದು ಯೂನಿವರ್ಸಿಟಿ ಕಟ್ಟಡ, ವಾರದ ದಿನ ಹಗಲು ಹೊತ್ತು ಹೋಗುವುದೇ ಒಳ್ಳೇದು. ಆದರೆ ಕ್ಲಾಸ್ ನಡೆಯುವ ದಿನ ಪಾರ್ಕಿಂಗ್ ತಲೆನೋವು, ಡೌನ್‌ಟೌನ್‌ನಿಂದ ಬಸ್ ಹಿಡಿಯಿರಿ.

ದಿನ ನಿಮ್ಮ ಕೈಯಲ್ಲಿದ್ದರೆ ಅಕ್ಟೋಬರ್ 13ಕ್ಕೇ ಹೋಗಿ. 1985ರಲ್ಲಿ ಅಭಿಮಾನಿಯೊಬ್ಬರು ಈ ಗೋಡೆ ಹತ್ತಿರ ಒಬ್ಬರೇ ಕೂತು ಆ ಪಂದ್ಯದ ರೇಡಿಯೋ ಕಾಮೆಂಟರಿ ಕೇಳಿದರಂತೆ, ಈಗ ಅದು ವರ್ಷವರ್ಷದ ಜಾತ್ರೆ. ಮಧ್ಯಾಹ್ನ ಟೇಪ್ ಹಾಕುತ್ತಾರೆ, ಸರಿಯಾಗಿ 3:36ಕ್ಕೆ ಹೋಮ್ ರನ್ ಬರುತ್ತದೆ, ಫಲಿತಾಂಶ ಗೊತ್ತಿದ್ದವರೇ ಕೂಗಾಡುತ್ತಾರೆ. ಮಡಚುವ ಕುರ್ಚಿ, ಸ್ವೆಟರ್ ತನ್ನಿ, ಕೂರಲು ಬೇರೆ ವ್ಯವಸ್ಥೆ ನಂಬಬೇಡಿ. ದೇವಸ್ಥಾನವನ್ನು ಬೆಳಗ್ಗೆಯೇ ಮುಗಿಸಿಕೊಳ್ಳಿ.